ಒಂದು ದೀರ್ಘದ ಅಂತರ

ಮಗಳ ಒಂಬತ್ತನೇ ತರಗತಿ ಪ್ರವೇಶದ ಸಂದರ್ಶನ ಮುಗಿದಾಗ ಮುಖ್ಯೋಪಾಧ್ಯಾಯಿನಿ, “ನಿಜವಾಗಿ ಆಸಕ್ತಿ ಇದ್ದರೆ ತಿಳಿಸಿ” ಎಂದರು. ಶಿವಮೊಗ್ಗದ ಬಸ್ಸು ಹತ್ತಿದ ಮೇಲೂ ಆ ಮಾತು ಕೊರೆಯುತ್ತಲೇ ಇತ್ತು. ತಿಳಿಸುವುದು ಹೇಗೆ? ಯಾರದಾದರೂ ಶಿಫಾರಸು ಹಿಡೀರಿ ಅಂದರು ಪಕ್ಕದ ಮನೆಯವರು. ದಿನಾ ಫೋನ್ ಮಾಡ್ತಾ ಇರು ಅಂದ ತಮ್ಮ.

ನನ್ನನ್ನು ತಡೆದದ್ದು ‘ಆಸಕ್ತಿ’ ಎಂಬ ಆ ಪದವೇ. ಮಾವನವರ ಗೀತಾಪಾರಾಯಣ ಕೇಳಿ ಕೇಳಿ ಕಿವಿಯಲ್ಲಿ ಉಳಿದಿದೆ: ಹದಿಮೂರನೆಯ ಅಧ್ಯಾಯ ಜ್ಞಾನವೆಂದು ಎಣಿಸುವ ಗುಣಗಳಲ್ಲಿ ‘ಅಸಕ್ತಿ’ ಒಂದು. ಅಂಟಿಕೊಳ್ಳದೆ ಇರುವುದು; ಅದರಲ್ಲೂ ಮಕ್ಕಳು, ಮನೆ ಎಂಬ ವ್ಯಾಮೋಹ ಬಿಡುವುದು. ಅದಕ್ಕೊಂದು ದೀರ್ಘ ಕೊಟ್ಟರೆ ಶಾಲೆಯವರು ಕೇಳುವ ‘ಆಸಕ್ತಿ’!

“ಹಾಗಾದ್ರೆ ಇದು ತಪ್ಪಾ ಮಾವ?” ಎಂದೆ.

“ಏಳನೇ ಅಧ್ಯಾಯದ ಮೊದಲ ಶ್ಲೋಕ ನೋಡಮ್ಮ. ನನ್ನಲ್ಲಿ ಆಸಕ್ತನಾಗು ಅಂತ ಕೃಷ್ಣನೇ ಹೇಳ್ತಾನೆ. ನಿನಗೆ ಅಂಟಿಕೊಂಡಿರೋದು ಸೀಟೋ, ಓದೋ? ಅದನ್ನ ನೋಡ್ಕೋ.”

ಓದಿನ ಆಸಕ್ತಿ ತಿಳಿಸುವ ಬಗೆ ಯೋಚಿಸುವಾಗ ಪ್ರಶ್ನೋಪನಿಷತ್ತು ನೆನಪಾಯಿತು. ಅಲ್ಲಿ ಕಲಿಯಬಯಸಿದ ಆರು ಜನ ಕೈಯಲ್ಲಿ ಸಮಿಧೆ ಹಿಡಿದು ಗುರು ಪಿಪ್ಪಲಾದರ ಬಳಿ ಹೋಗುತ್ತಾರೆ. ಗುರುಗಳು ಒಡನೆಯೇ ಪಾಠ ಹೇಳುವುದಿಲ್ಲ. ಒಂದು ವರ್ಷ ತಪಸ್ಸು, ಶ್ರದ್ಧೆಯಿಂದ ಇಲ್ಲಿರಿ, ಆಮೇಲೆ ಕೇಳಿ, ನಮಗೆ ಗೊತ್ತಿದ್ದರೆ ಹೇಳುತ್ತೇವೆ ಎನ್ನುತ್ತಾರೆ. ಗೊತ್ತಿದ್ದರೆ ಎಂಬ ಆ ಮಾತಿಗೆ ನಾನು ಪ್ರತಿಸಲವೂ ಮನಸೋಲುತ್ತೇನೆ. ಆರೂ ಮಂದಿ ಉಳಿದರು.

ಸಮಿಧೆಗೆ ಬೆಲೆಯಿಲ್ಲ. ಕಾಡಿನಲ್ಲಿ ಬಿದ್ದ ಒಣ ಕಡ್ಡಿ, ಆದರೆ ತಾನೇ ಬಗ್ಗಿ ಆಯ್ದದ್ದು. ನಿಮ್ಮ ಅಗ್ನಿ ಆರದಂತೆ ನೋಡಿಕೊಳ್ಳಲು ನಾನು ಸಿದ್ಧ ಎಂದಷ್ಟೇ ಅದು ಹೇಳುತ್ತದೆ. ಶಿಫಾರಸು ಹಾಗಲ್ಲ; ಅದು ಉತ್ತರವನ್ನೇ ಕೊಳ್ಳಲು ಹೊರಡುತ್ತದೆ. ಫಲದ ಮೇಲೆ ನಮಗೆ ಅಧಿಕಾರವಿಲ್ಲ ಎಂದರೆ ಸುಮ್ಮನೆ ಕೂರಬೇಕೆಂದಲ್ಲ, ಕಡ್ಡಿ ಆಯುವುದು ನಮ್ಮ ಪಾಲಿನ ಕೆಲಸ.

ಶಾಲೆಗೊಂದು ಪತ್ರ, ಅದನ್ನು ಮಗಳೇ ಬರೆಯಲಿ ಎಂದೆ. ಗೆರೆ ಹಾಳೆಯ ಮೇಲೆ ನಾಲ್ಕೇ ಸಾಲು ಬರೆದಳು. ಶಾಲೆಯ ಗ್ರಂಥಾಲಯದ ಗಾಜಿನ ಬೀರುವಿನಲ್ಲಿ ಕಾರಂತರ ‘ಬಾಲಪ್ರಪಂಚ’ ಕಂಡಿತ್ತಂತೆ, ಬೀಗ ಹಾಕಿತ್ತಂತೆ. ಒಂಬತ್ತನೆಯವರಿಗೆ ಅದನ್ನು ಮನೆಗೆ ಕೊಡುತ್ತೀರಾ, ಬೀಗ ಯಾವ ವಾರ ತೆಗೆಯುತ್ತೀರಿ ಎಂದು ಕೇಳಿದ್ದಾಳೆ. ‘ಬೀರು’ ಅಳಿಸಿ ಎರಡು ಸಲ ತಿದ್ದಿದ್ದಾಳೆ. ನಾನು ಒಂದಕ್ಷರವನ್ನೂ ಸೇರಿಸಲಿಲ್ಲ.

ಸೋಮವಾರ ಅಂಚೆಗೆ ಹಾಕಿದೆವು. ಫೋನ್ ಮಾಡಿಲ್ಲ.