ದಂಡಿಸಿದವನ ಪ್ರಾಯಶ್ಚಿತ್ತ

ಸುಲ್ತಾನ್‌ಪೇಟೆಯ ಮದುವೆ ಕಾರ್ಡಿನ ಅಂಗಡಿಗಳಿಂದ ನಡೆದೇ ಹೋಗಬಹುದಾದಷ್ಟು ದೂರದಲ್ಲಿ ಫ್ರೀಡಂ ಪಾರ್ಕ್ ಇದೆ. 2000ದವರೆಗೆ ಅದು ಬೆಂಗಳೂರಿನ ಸೆಂಟ್ರಲ್ ಜೈಲು. ಈಸೂರಿನ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಈ ಐವರನ್ನು 1943ರ ಮಾರ್ಚಿನಲ್ಲಿ ಗಲ್ಲಿಗೇರಿಸಿದ್ದು ಇಲ್ಲಿಯೇ. ಹಿಂದಿನ ಸೆಪ್ಟೆಂಬರಿನಲ್ಲಿ ಶಿಕಾರಿಪುರ ತಾಲ್ಲೂಕಿನ ಆ ಹಳ್ಳಿ ತಾನು ಸ್ವತಂತ್ರವೆಂದು ಸಾರಿಕೊಂಡಿತ್ತು. ಅಲ್ಲಿಗೆ ಬಂದ ಅಮಲ್ದಾರರೂ ಪೊಲೀಸ್ ಸಬ್‌ಇನ್ಸ್‌ಪೆಕ್ಟರೂ ಗಲಭೆಯಲ್ಲಿ ಹತರಾಗಿದ್ದರು. ಅದೇ ಮೊಕದ್ದಮೆಯಲ್ಲಿ ಜೀವಾವಧಿ ಶಿಕ್ಷೆಯಾದವರೂ ಇದ್ದರು. ಕಾಲ ಬದಲಾಯಿತು, ಅವರಿಗೆ ಬಿಡುಗಡೆಯಾಯಿತು. ಗಲ್ಲಿಗೇರಿದವರಿಗೆ ಸಿಕ್ಕಿದ್ದು ಹುತಾತ್ಮರೆಂಬ ಹೆಸರು ಮಾತ್ರ. ಕೊಲೆಗಾರನ ಪಾಪದ ಬಗ್ಗೆ ನಾವು ಬೇಕಾದಷ್ಟು ಚರ್ಚಿಸುತ್ತೇವೆ. ದಂಡಿಸಿದವನೇ ತಪ್ಪಿದ್ದರೆ ಆ ಪಾಪ ಕಳೆಯುವುದು ಹೇಗೆ ಎಂಬುದು ಅಷ್ಟೇ ಹಳೆಯ ಧರ್ಮಪ್ರಶ್ನೆ.

ಈ ಪ್ರಶ್ನೆಯನ್ನು ನಮ್ಮ ಶಾಸ್ತ್ರಕಾರರು ಮರೆತಿರಲಿಲ್ಲ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ 'ಮಿತಾಕ್ಷರಾ' ಬರೆದದ್ದು ಯಾಜ್ಞವಲ್ಕ್ಯ ಸ್ಮೃತಿಗೆ ವ್ಯಾಖ್ಯಾನವಾಗಿ. ಆಚಾರ, ವ್ಯವಹಾರ, ಪ್ರಾಯಶ್ಚಿತ್ತ ಎಂದು ಆ ಸ್ಮೃತಿಗೆ ಮೂರು ಭಾಗ. ನ್ಯಾಯಸ್ಥಾನ, ಸಾಕ್ಷಿ, ದಂಡಗಳನ್ನೆಲ್ಲ ವಿವರಿಸುವ ವ್ಯವಹಾರ ಭಾಗ ಮುಗಿಯುವುದು ರಾಜನಿಗೇ ಹಾಕಿದ ಒಂದು ಕಟ್ಟಳೆಯೊಂದಿಗೆ: ಅನ್ಯಾಯವಾಗಿ ವಸೂಲು ಮಾಡಿದ ದಂಡವನ್ನು ಅವನು ಮೂವತ್ತು ಪಟ್ಟು ಮಾಡಿ, ವರುಣನಿಗೆ ನಿವೇದಿಸಿ, ಬ್ರಾಹ್ಮಣರಿಗೆ ಕೊಟ್ಟುಬಿಡಬೇಕು. ದಾನ ಯಾರ ಕೈ ಸೇರುತ್ತಿತ್ತು ಎಂದು ಇಂದು ತಕರಾರು ತೆಗೆಯಬಹುದು, ತೆಗೆಯಲೂಬೇಕು. ಆದರೂ ಅದರ ತಿರುಳು ದೊಡ್ಡದು: ದಂಡ ಹಿಡಿದವನೂ ತಪ್ಪಬಲ್ಲ, ತಪ್ಪಿದರೆ ತೆರಬೇಕು. ಹಣವನ್ನಾದರೆ ಮೂವತ್ತು ಪಟ್ಟು ಮಾಡಬಹುದು. ತೆಗೆದ ಪ್ರಾಣವನ್ನು ಒಂದು ಪಟ್ಟೂ ಹಿಂದಿರುಗಿಸಲಾಗದು. ಅದೇ ಸ್ಮೃತಿಗಳು ಮರಣದಂಡನೆಯನ್ನು ಒಪ್ಪಿದ್ದವು ನಿಜ. ತಾವೇ ಹಾಕಿದ ಕಟ್ಟಳೆಯನ್ನು ಅವು ಕೊನೆಯವರೆಗೆ ಯೋಚಿಸಲಿಲ್ಲ, ಅಷ್ಟೆ.

ಶಿಕ್ಷೆಯೇ ಪಾಪವನ್ನು ತೊಳೆಯುತ್ತದಲ್ಲ ಎಂಬುದು ಮೊದಲ ಆಕ್ಷೇಪ. ರಾಜದಂಡಕ್ಕೆ ಗುರಿಯಾದ ಪಾಪಿಗಳು ನಿರ್ಮಲರಾಗಿ ಸ್ವರ್ಗಕ್ಕೆ ಹೋಗುತ್ತಾರೆಂದು ಮನು ಭರವಸೆ ಕೊಟ್ಟಿದ್ದಾನೆ. ಇಂಗ್ಲೆಂಡಿನ ಕ್ರೈಸ್ತರೂ ಇಂಥದ್ದನ್ನೇ ನಂಬಿದ್ದರು. 18ನೇ ಶತಮಾನದ ಲಂಡನ್ನಿನಲ್ಲಿ ನ್ಯೂಗೇಟ್ ಜೈಲಿನ ಪಾದ್ರಿ ಕೈದಿಗಳಿಂದ ತಪ್ಪೊಪ್ಪಿಗೆ ಪಡೆದು, ಟೈಬರ್ನಿನ ಗಲ್ಲುಕಂಬಕ್ಕೆ ಹೋಗುವ ಮೊದಲು ಪಶ್ಚಾತ್ತಾಪಕ್ಕೆ ಒತ್ತಾಯಿಸುತ್ತಿದ್ದ. ಆಮೇಲೆ ಅವರ ಕಥೆಗಳನ್ನೇ ಅಚ್ಚು ಹಾಕಿಸಿ ಮಾರುತ್ತಿದ್ದ. ಸರ್ಕಾರ ಗೊತ್ತುಮಾಡಿದ ದಿನಕ್ಕೆ ಸರಿಯಾಗಿ ಅಂತರಂಗ ಕರಗಬೇಕೆನ್ನುವುದು ಯಾವ ಧರ್ಮ? ಒಂದು ವೇಳೆ ಕರಗಿತೆಂದೇ ಇಟ್ಟುಕೊಂಡರೂ ಅದು ಅಪರಾಧಿಯ ಲೆಕ್ಕ. ಅಮಾಯಕನನ್ನು ಕೊಂದ ಅಧಿಕಾರಕ್ಕೆ ಮನುವಿನ ಭರವಸೆಯಲ್ಲಿ ಪಾಲಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಈಸೂರಿನಲ್ಲಿ ಸತ್ತ ಇಬ್ಬರು ಅಧಿಕಾರಿಗಳೂ ನಮ್ಮವರೇ, ಅವರ ಮನೆಯಲ್ಲೂ ಕಣ್ಣೀರು ಹರಿದಿತ್ತು. ಕಠಿಣ ಶಿಕ್ಷೆಯ ಭಯವಿಲ್ಲದಿದ್ದರೆ ಕರ್ತವ್ಯದ ಮೇಲಿರುವವರನ್ನು ಕಾಯುವವರು ಯಾರು? ಆ ಸಾವುಗಳನ್ನು ಹಗುರ ಮಾಡುವ ಹಕ್ಕು ಯಾರಿಗೂ ಇಲ್ಲ. ಆದರೆ ಜೀವಾವಧಿಯೂ ಕಠಿಣ ಶಿಕ್ಷೆಯೇ. ಬರೀ ಹಗ್ಗವನ್ನು ನಂಬಿದ ಕಾನೂನಿನ ಗತಿ ಏನಾಯಿತೆಂಬುದಕ್ಕೆ ಮತ್ತೆ ಇಂಗ್ಲೆಂಡೇ ಸಾಕ್ಷಿ. ಅಲ್ಲಿ ಮರಣದಂಡನೆಗೆ ಅರ್ಹವಾದ ಅಪರಾಧಗಳು 19ನೇ ಶತಮಾನದ ಆರಂಭಕ್ಕೆ ಇನ್ನೂರರ ಆಸುಪಾಸಿಗೆ ಬೆಳೆದಿದ್ದವು. ಮನೆಯೊಳಗಿಂದ 40 ಶಿಲಿಂಗ್ ಬೆಲೆಯ ಮಾಲು ಕದ್ದರೂ ಗಲ್ಲು. ಹೀಗಾಗಿ ಎಷ್ಟೋ ಸಲ ಜ್ಯೂರಿಯವರು ಕಣ್ಣಾರೆ ಕಂಡ ಮಾಲಿಗೆ 39 ಶಿಲಿಂಗ್ ಬೆಲೆ ಕಟ್ಟಿ ಕಳ್ಳನ ಜೀವ ಉಳಿಸುತ್ತಿದ್ದರು. ಪ್ರಮಾಣ ಮಾಡಿ ಕೂತವರು ಆತ್ಮಸಾಕ್ಷಿಗಾಗಿ ಸುಳ್ಳಾಡಬೇಕಾದ ಕಾನೂನಿಗೆ ಕಳ್ಳರು ಹೆದರಿಯಾರೆ?

ಇಂದು ಗಲ್ಲು ಅಪರೂಪದಲ್ಲಿ ಅಪರೂಪವಾದ ಪ್ರಕರಣಗಳಿಗೆ ಮಾತ್ರವೆಂದು ಸುಪ್ರೀಂ ಕೋರ್ಟ್ 1980ರಲ್ಲಿ ಹೇಳಿದೆ. ಅದರಿಂದ ಗಲ್ಲುಗಳ ಸಂಖ್ಯೆ ತಗ್ಗಬಹುದು. ತಪ್ಪಾದರೆ ಏನು ಎಂಬ ಪ್ರಶ್ನೆ ತಗ್ಗುವುದಿಲ್ಲ. ಈಸೂರಿನ ಐವರ ವಿಷಯದಲ್ಲಿ ತಪ್ಪು ಯಾರದೆಂದು ಇನ್ನೂ ವಾದಿಸಬಹುದು. ಆದರೆ ಜೀವಾವಧಿಯವರ ಬಗ್ಗೆ ಸರ್ಕಾರಕ್ಕೆ ಮನಸ್ಸು ಬದಲಿಸುವ ಅವಕಾಶವಿತ್ತು, ಐವರ ಬಗ್ಗೆ ಇರಲಿಲ್ಲ. ತಿದ್ದಿಕೊಳ್ಳಲು ತನಗೇ ದಾರಿ ಉಳಿಸಿಕೊಳ್ಳದ ದಂಡನೆ, ಅಪರಾಧಿ ಎಂಥವನೇ ಆಗಿರಲಿ, ದಂಡಿಸುವವನನ್ನು ಧರ್ಮದ ಹೊರಗೆ ನಿಲ್ಲಿಸುತ್ತದೆ.