ಸೂತಕದ ಪ್ರಶ್ನೆ ಮತ್ತು ಹೆಣ್ಣಿನ ಒಡಲು

ಹುಟ್ಟು, ಸಾವು, ಮುಟ್ಟು, ಎಂಜಲು, ಜಾತಿ ಈ ಐದರಿಂದ ಮೈಲಿಗೆ ತಟ್ಟುತ್ತದೆ ಎಂಬ ನಂಬಿಕೆಗೆ ಪಂಚಸೂತಕ ಎಂದು ಹೆಸರು. 12ನೇ ಶತಮಾನದ ಶರಣರು ಐದನ್ನೂ ಅಲ್ಲಗಳೆದರು. ಇವುಗಳಲ್ಲಿ ಮುಟ್ಟು ಮತ್ತು ಹೆರಿಗೆ ನೇರವಾಗಿ ಹೆಣ್ಣಿನ ಒಡಲಿಗೆ ಸೇರಿದವು. ಆಕೆ ಎಲ್ಲಿ ಮಲಗಬೇಕು, ಏನು ಉಣ್ಣಬೇಕು, ಆಕೆಯನ್ನು ಯಾರು ಮುಟ್ಟಬಹುದು ಎಂಬುದೆಲ್ಲ ಇವೆರಡನ್ನು ಸಮಾಜ ಹೇಗೆ ಕಾಣುತ್ತದೆ ಎಂಬುದರ ಮೇಲೆ ನಿಂತಿದೆ.

ರಾಯಚೂರು ಸೀಮೆಗೆ ಶರಣರ ಈ ವಿಚಾರ ಹೊರಗಿನದಲ್ಲ. ಕಲ್ಯಾಣದಲ್ಲಿ ಅಕ್ಕಿ ಆಯುವ ಕಾಯಕ ನಡೆಸಿದ ಮಾರಯ್ಯ, ಲಕ್ಕಮ್ಮ ದಂಪತಿ ಲಿಂಗಸುಗೂರು ತಾಲೂಕಿನ ಅಮರೇಶ್ವರದವರು. ಗಂಡ ಅಗತ್ಯ ಮೀರಿ ಅಕ್ಕಿ ತಂದಾಗ ಅದನ್ನು ಹಿಂದಕ್ಕೆ ಸುರಿದು ಬರಲು ಹೇಳಿದ ಲಕ್ಕಮ್ಮ, ಧರ್ಮದ ಮಾತನ್ನು ಗಂಡಸಿಗೇ ಕಲಿಸಿದ ಹೆಣ್ಣುಮಗಳು. ಆತ್ಮಕ್ಕೆ ಹೆಣ್ಣು, ಗಂಡು ಎಂಬ ಭೇದವಿಲ್ಲ ಎಂದ ದೇವರ ದಾಸಿಮಯ್ಯನವರ ಮುದನೂರು ಪಕ್ಕದ ಯಾದಗಿರಿ ಜಿಲ್ಲೆಯಲ್ಲಿದೆ.

ಸೂತಕದ ನಿರಾಕರಣೆಗೆ ಈ ಪರಂಪರೆಯಲ್ಲಿ ಎರಡು ತರ್ಕಗಳಿವೆ. ಒಂದು ಲಿಂಗದ ತರ್ಕ: ಮೈಮೇಲೆ ಇಷ್ಟಲಿಂಗವಿರುವಾಗ ಆ ಮೈಗೆ ಮೈಲಿಗೆ ಎಲ್ಲಿಯದು? ಲಿಂಗಪೂಜೆಯಲ್ಲಿ ತೊಡಗಿದ ಹೆಣ್ಣಿಗೆ ಋತುಕಾಲದಲ್ಲಿ ಸೂತಕವಿಲ್ಲ ಎಂದು ವೀರಶೈವ ಗ್ರಂಥ ‘ಸಿದ್ಧಾಂತ ಶಿಖಾಮಣಿ’ಯೂ ಹೇಳುತ್ತದೆ. ಇನ್ನೊಂದು ಹುಟ್ಟಿನ ತರ್ಕ. ಮುಟ್ಟಿಲ್ಲದೆ ಪಿಂಡಕ್ಕೆ ನೆಲೆಯೇ ಇಲ್ಲ ಎಂದು ಬಸವಣ್ಣನವರು ಜಾತಿಯ ಹಮ್ಮು ಮುರಿಯಲು ಹೇಳಿದರು. ಎರಡರ ತೀರ್ಮಾನ ಒಂದೇ ಆದರೂ ತೂಕ ಒಂದೇ ಅಲ್ಲ. ಮೈಲಿಗೆ ಇದೆ, ಲಿಂಗ ಅದನ್ನು ಗೆಲ್ಲುತ್ತದೆ ಎಂಬ ಒಪ್ಪಿಗೆ ಮೊದಲ ತರ್ಕದೊಳಗೆ ಉಳಿದಿದೆ. ಹಾಗಾಗಿ ಲಿಂಗ ಧರಿಸದವಳು ಹೊರಗೇ ಉಳಿಯುತ್ತಾಳೆ. ಹುಟ್ಟಿನ ತರ್ಕ ಯಾರನ್ನೂ ಹೊರಗಿಡುವುದಿಲ್ಲ. ಗಟ್ಟಿಯಾದದ್ದು ಅದೇ. ಪಿಂಡ ನೆಲೆಗೊಳ್ಳಲೆಂದು ಗರ್ಭಕೋಶದ ಒಳಪದರ ತಿಂಗಳು ತಿಂಗಳು ದಪ್ಪವಾಗುತ್ತದೆ, ಗರ್ಭ ನಿಲ್ಲದಿದ್ದರೆ ಕಳಚಿ ರಕ್ತದೊಡನೆ ಹೊರಬೀಳುತ್ತದೆ. ಅದರಲ್ಲಿ ವಿಷವೇನೂ ಇಲ್ಲ.

ಆದರೂ ‘ಹೊರಗ ಕುಂತಾಳ, ಮುಟ್ಟಬ್ಯಾಡ’ ಎಂಬ ಮಾತು ಲಿಂಗಾಯತ ಮನೆಗಳಲ್ಲೂ ಕೇಳಿಬರುತ್ತದೆ. ರಾಯಚೂರು ಜಿಲ್ಲೆಯ ಸಿಂಧನೂರು ತಾಲೂಕಿನಲ್ಲಿ, ಹೊಳೆದಂಡೆಯ ಮುಕ್ಕುಂದದಿಂದ ತುಂಗಭದ್ರಾ ಎಡದಂಡೆ ಕಾಲುವೆಯ ಊರುಗಳವರೆಗೆ, ಭತ್ತದ ನಾಟಿ ಬಹುಪಾಲು ಹೆಂಗಸರ ಕೆಲಸ. ಕಾಲು ಹೂಳುವ ಕೆಸರಿನಲ್ಲಿ ದಿನವಿಡೀ ಬಗ್ಗಿ ಸಸಿ ಹಚ್ಚುವವಳು ಮುಟ್ಟಾಗಿದ್ದಾಳೆಯೇ ಎಂದು ಗದ್ದೆಯ ಬದುವಿನಲ್ಲಿ ಯಾರೂ ಕೇಳುವುದಿಲ್ಲ. ಒದ್ದೆ ಬಟ್ಟೆ ಬದಲಿಸಲು ಆಕೆಗೆ ಮರೆಯೂ ಸಿಗುವುದಿಲ್ಲ. ಆಕೆ ಹಚ್ಚಿದ ಸಸಿಯ ಅಕ್ಕಿ ಮುಂದೆ ನೈವೇದ್ಯವಾಗುತ್ತದೆ. ಕೂಲಿಗೆ ತಟ್ಟದ ಮೈಲಿಗೆ ದೇವರ ಜಗಲಿಗೆ ಮಾತ್ರ ತಟ್ಟುತ್ತದೆ ಎಂಬುದಕ್ಕೆ ಯಾವ ಶಾಸ್ತ್ರವೂ ಒಪ್ಪುವಂಥ ಕಾರಣ ಕೊಟ್ಟಿಲ್ಲ.

ಇದೇ ನಾಡಿನ ರೈತರು ಎಳ್ಳ ಅಮಾವಾಸ್ಯೆಗೆ ಭೂಮಿಯನ್ನು ಬಸುರಿಯೆಂದು ಕಾಣುತ್ತಾರೆ. ಸಜ್ಜೆ ರೊಟ್ಟಿ, ಕಡುಬು, ಪುಂಡಿಪಲ್ಯ ಕಟ್ಟಿಕೊಂಡು ಹೊಲಕ್ಕೆ ಹೋಗಿ, ನಿಂತ ಜೋಳದ ನಡುವೆ ಚರಗ ಚೆಲ್ಲಿ ಆಕೆಯ ಬಯಕೆ ತೀರಿಸುತ್ತಾರೆ. ತುಳುನಾಡಿನ ಕೆಡ್ಡಸ ಹಬ್ಬದಲ್ಲಿ ಭೂಮಿ ಮುಟ್ಟಾಗುತ್ತಾಳೆ. ಆ ಮೂರು ದಿನ ನೆಲ ಉಳುವಂತಿಲ್ಲ, ಅಗೆಯುವಂತಿಲ್ಲ. ಹೊರಗಟ್ಟದೆ ವಿಶ್ರಾಂತಿ ಕೊಡುವುದು ಹೇಗೆಂದು ಜನಪದ ಧರ್ಮಕ್ಕೆ ಗೊತ್ತಿದೆ.

ಬಾಣಂತಿಯ ವಿಷಯದಲ್ಲಿ ಈ ವ್ಯತ್ಯಾಸ ಜೀವದ ಮಾತಾಗುತ್ತದೆ. ಹೆರಿಗೆಯಾದ ಮೊದಲ 24 ಗಂಟೆ ರಕ್ತಸ್ರಾವದ ಅಪಾಯ ಹೆಚ್ಚು. ಗರ್ಭಕೋಶ ಮೊದಲಿನಂತಾಗಲು ಸುಮಾರು ಆರು ವಾರ ಬೇಕು. ತವರಿನ ಬಾಣಂತನದಲ್ಲಿ ಎಣ್ಣೆನೀರು, ಬೆಚ್ಚನೆಯ ಮೂಲೆ, ತಾಯಿಯ ಕೈಯೂಟ ಸಿಗುವುದು ಒಳ್ಳೆಯದೇ. ಸೂತಕದ ಹೆಸರಿನಲ್ಲಿ ಆಕೆಯನ್ನು ಒಂಟಿಯಾಗಿಸುವುದು ಬೇರೆ. 2023ರ ಜುಲೈನಲ್ಲಿ ತುಮಕೂರು ಬಳಿಯ ಗೊಲ್ಲರಹಟ್ಟಿಯೊಂದರಲ್ಲಿ ಊರಾಚೆಯ ಗುಡಿಸಲಿನಲ್ಲಿ ಬಾಣಂತಿಯೊಂದಿಗೆ ಇದ್ದ ಹಸುಗೂಸು ತೀರಿಕೊಂಡಿತು. ದೇವರಿಗೆ ಸೂತಕ ತಟ್ಟುತ್ತದೆ ಎಂಬ ಭಯವೇ ಆ ತಾಯಿ ಮಗುವನ್ನು ಮಳೆ ಚಳಿಗೆ ಒಡ್ಡಿತ್ತು.

ಗರ್ಭ ತಡೆಯುವ ಪ್ರಶ್ನೆಯಲ್ಲಿ ಧರ್ಮಶಾಸ್ತ್ರಗಳು ಹೆರುವುದರ ಕಡೆಗೇ ವಾಲಿವೆ. ಮುಟ್ಟು ಕಳೆದ ಬಳಿಕದ ಋತುಕಾಲದಲ್ಲಿ ಹೆಂಡತಿಯನ್ನು ಕೂಡದ ಗಂಡನಿಗೆ ಭ್ರೂಣಹತ್ಯೆಯ ದೋಷ ಹೇಳಿದ ಸ್ಮೃತಿಗಳಿವೆ. ಆದರೂ ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕೇಂದ್ರ ತೆರೆಯಲು ಆದೇಶಿಸಿತು. 1935ರ ಡಿಸೆಂಬರಿನಲ್ಲಿ ವಾರ್ಧಾದಲ್ಲಿ ಸಂತಾನ ನಿಯಂತ್ರಣದ ಪ್ರಚಾರಕಿ ಮಾರ್ಗರೆಟ್ ಸ್ಯಾಂಗರ್ ಅವರ ಜೊತೆ ಚರ್ಚಿಸಿದ ಗಾಂಧೀಜಿ, ಸಾಧನಗಳನ್ನು ಒಪ್ಪದೆ ಸಂಯಮವನ್ನೇ ಹಿಡಿದರು. ಸಂಯಮದ ಆದರ್ಶ ದೊಡ್ಡದು. ಗಂಡ ಅದನ್ನು ಪಾಲಿಸದಿದ್ದರೆ ಬಸುರಾಗುವವಳು ಹೆಂಡತಿ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಇಂದಿಗೂ ಹೊರೆ ಆಕೆಯದೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ವಿವಾಹಿತೆಯರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಆಪರೇಷನ್ ಮಾಡಿಸಿಕೊಂಡವರು. ಗಂಡಸರ ಪಾಲು ಇಲ್ಲವೆನ್ನುವಷ್ಟು ಕಡಿಮೆ.

ಮುಟ್ಟು ನಿಂತ ಮೇಲೆ ಹೆಣ್ಣು ‘ಶುದ್ಧಳು’. ಶಬರಿಮಲೆಯಲ್ಲಿ 10ರಿಂದ 50 ವರ್ಷದವರಿಗೆ ಇದ್ದ ತಡೆ ಈ ಎಣಿಕೆಯನ್ನು ಬಹಿರಂಗವಾಗಿ ತೋರಿಸಿತ್ತು. 2018ರ ಸೆಪ್ಟೆಂಬರ್ 28ರಂದು ಸುಪ್ರೀಂ ಕೋರ್ಟ್ ಅದನ್ನು 4:1 ಬಹುಮತದಿಂದ ತಳ್ಳಿಹಾಕಿತು. ಮಡಿಯ ಹಕ್ಕು ಸಿಗುವ ಆ ವಯಸ್ಸಿನಲ್ಲೇ ಮೈ ಧಗ್ಗೆನ್ನುತ್ತದೆ, ನಿದ್ದೆ ಕೆಡುತ್ತದೆ, ಮೂಳೆ ಸವೆಯತೊಡಗುತ್ತದೆ. ಸತತ 12 ತಿಂಗಳು ಮುಟ್ಟಾಗದಿದ್ದರೆ ಅದು ನಿಂತಿತೆಂದು ವೈದ್ಯರು ಎಣಿಸುತ್ತಾರೆ. ಆ ಬಳಿಕ ಒಂದು ಹನಿ ರಕ್ತ ಕಂಡರೂ ತಪಾಸಣೆ ಬೇಕು, ಏಕೆಂದರೆ ಅದು ಗರ್ಭಕೋಶದ ಅಥವಾ ಅದರ ಕೊರಳಿನ ಕ್ಯಾನ್ಸರಿನ ಮೊದಲ ಸೂಚನೆಯಾಗಿರಬಹುದು. ಮುಟ್ಟನ್ನು ಮೈಲಿಗೆಯೆಂದು ಜೀವಮಾನವಿಡೀ ಮುಚ್ಚಿಟ್ಟವಳು ಈ ರಕ್ತವನ್ನೂ ಮುಚ್ಚಿಡುತ್ತಾಳೆ.