ಒಳಗಿನ ಸತ್ಯ, ಹೊರಗಿನ ಸಾಕ್ಷಿ

ಒಬ್ಬ ಮನುಷ್ಯ ಎಂಥವನೆಂದು ತಿಳಿಯುವುದು ಹೇಗೆ? ಅವನ ಅಂತರಂಗದಿಂದಲೋ, ಇತರರೊಂದಿಗೆ ಅವನು ನಡೆದುಕೊಳ್ಳುವ ರೀತಿಯಿಂದಲೋ? ಕರ್ಮದ ಬೆಲೆ ಅದರ ಹಿಂದಿನ ನಿಯ್ಯತ್ತಿನಲ್ಲಿದೆ (ಸಂಕಲ್ಪದಲ್ಲಿದೆ) ಎಂದು ಇಸ್ಲಾಮ್ ಕಲಿಸುತ್ತದೆ. ಆದರೆ ಎದೆಯೊಳಗಿನದನ್ನು ಬಲ್ಲವನು ಅಲ್ಲಾಹನು ಮಾತ್ರ. ಹಾಗಾದರೆ ನಾವು ಪ್ರತಿದಿನ ನೀಡುವ ತೀರ್ಪುಗಳಿಗೆ ಆಧಾರವೇನು?

ಇದನ್ನು ಹೋಲುವ ಒಂದು ಪ್ರಶ್ನೆ ಗಣಿತದಲ್ಲಿಯೂ ಇದೆ. 1945ರಲ್ಲಿ ಐಲೆನ್‌ಬರ್ಗ್ ಮತ್ತು ಮ್ಯಾಕ್‌ಲೇನ್ ಎಂಬಿಬ್ಬರು ಗಣಿತಜ್ಞರು ಕೆಟಗರಿ ಥಿಯರಿಗೆ ಅಡಿಪಾಯ ಹಾಕಿದರು. ಇಲ್ಲಿ ವಸ್ತುವಿನ ಒಡಲನ್ನು ಬಗೆದು ನೋಡುವುದಿಲ್ಲ. ಒಂದರಿಂದ ಇನ್ನೊಂದಕ್ಕೆ ಸಾಗುವ ಬಾಣಗಳನ್ನು, ಅಂದರೆ ಸಂಬಂಧಗಳನ್ನು ನೋಡುತ್ತಾರೆ.

ಈ ಶಾಖೆಗೆ ಫೈಬ್ರೇಶನ್ ಎಂಬ ಕಲ್ಪನೆಯನ್ನು ತಂದವರು ಅಲೆಕ್ಸಾಂಡರ್ ಗ್ರೋಥೆಂಡಿಕ್ (1928–2014). ಪ್ರತಿ ತಾಲೂಕಿಗೂ ಒಂದೊಂದು ಪಟ್ಟಿ ಇದೆಯೆನ್ನಿ. ಯಾವ ಹಳ್ಳಿ ಯಾವ ತಾಲೂಕಿಗೆ ಸೇರಿದ್ದೆಂದು ಗೊತ್ತಿದ್ದರೆ, ತಾಲೂಕಿನ ಪಟ್ಟಿಯನ್ನು ಅದರ ಪ್ರತಿ ಹಳ್ಳಿಗೂ ಇಳಿಸಬಹುದು. ಕೆಳಗೆ ಊರುಗಳ ನಂಟು, ಮೇಲೆ ಪಟ್ಟಿಗಳ ನಂಟು. ಕೆಳಗಿನ ಪ್ರತಿ ಬಾಣಕ್ಕೂ ಮೇಲೆ ಹೀಗೆ ಅತ್ಯಂತ ನಿಷ್ಠವಾದ ಒಂದು ಜೊತೆಬಾಣ ಸಿಗುವುದಾದರೆ ಆ ಏರ್ಪಾಡಿಗೆ ಫೈಬ್ರೇಶನ್ ಎನ್ನುತ್ತಾರೆ.

ಆದರೆ ವಸ್ತುಗಳ ಒಳಗೆ ಇಣುಕಲಾಗದ ಗಣಿತಲೋಕಗಳೂ ಇವೆ. ಅಲ್ಲಿ ಇದನ್ನು ಗುರುತಿಸುವುದು ಹೇಗೆ? ದಾರಿಗಳು ಎರಡು. ಒಂದು ಆಂತರಿಕ. ಜೊತೆಬಾಣ ಬೇಕಾದ ಎಲ್ಲ ಸಂದರ್ಭಗಳನ್ನೂ ಕೂಡಿಸಿ, ಆ ಲೋಕದ ಸಾಮಗ್ರಿಯಿಂದಲೇ ಒಂದು ಮನೆ ಕಟ್ಟಿ, ಲಕ್ಷಣವನ್ನು ಅಲ್ಲಿಯೇ ಪರೀಕ್ಷಿಸುವುದು. ಇನ್ನೊಂದಕ್ಕೆ ರೆಪ್ರೆಸೆಂಟೇಬಲ್ ಎಂದು ಹೆಸರು. ಆ ಲೋಕದ ಪ್ರತಿಯೊಂದು ವಸ್ತುವನ್ನೂ ಸಾಕ್ಷಿಗೆ ಕರೆದು, 'ನಿನ್ನ ನೋಟಕ್ಕೆ ಇದು ಫೈಬ್ರೇಶನ್ ಹೌದೇ?' ಎಂದು ಕೇಳುವುದು. ಒಂದು ಸಾಕ್ಷಿಯನ್ನೂ ಬಿಡುವಂತಿಲ್ಲ. ಅಷ್ಟೇ ಅಲ್ಲ, ಸಾಕ್ಷಿಗಳ ಹೇಳಿಕೆಗಳು ಒಂದಕ್ಕೊಂದು ಹೊಂದಿಕೊಳ್ಳಲೂಬೇಕು.

ಆ ಮನೆ ಕಟ್ಟುವಷ್ಟು ಸಾಮಗ್ರಿ ಲೋಕದಲ್ಲಿದ್ದರೆ ಎರಡೂ ದಾರಿಗಳು ಒಂದೇ ಕಡೆ ತಲುಪುತ್ತವೆ. ಸಾಮಗ್ರಿ ಇಲ್ಲದಿದ್ದರೆ ಮೊದಲನೆಯ ದಾರಿಯನ್ನು ಹೇಳಲೂ ಬರುವುದಿಲ್ಲ. ಸಾಕ್ಷಿಗಳ ದಾರಿಯೊಂದೇ ಉಳಿಯುತ್ತದೆ. ಆಸ್ಟ್ರೇಲಿಯಾದ ರಾಸ್ ಸ್ಟ್ರೀಟ್ 1974ರಲ್ಲಿ ಈ ವಿಚಾರವನ್ನು ವಿಸ್ತಾರವಾಗಿ ಬೆಳೆಸಿದರು. ಇದರ ಬೆನ್ನೆಲುಬು ಜಪಾನಿನ ನೊಬುವೊ ಯೊನೆದಾ (1930–1996) ಅವರ ಹೆಸರಿನ ಪ್ರಮೇಯ: ಎಲ್ಲರ ನೋಟಗಳೂ ಕೂಡಿದರೆ ವಸ್ತು ಪೂರ್ಣವಾಗಿ ನಿರ್ಧಾರವಾಗುತ್ತದೆ. ಅದರ ಸಾಧನೆಯ ಗುಟ್ಟು ಸ್ವಾರಸ್ಯಕರ. ಎಲ್ಲ ಸಾಕ್ಷಿಗಳಲ್ಲಿ ನಿರ್ಣಾಯಕವಾದದ್ದು ಆ ವಸ್ತುವಿನ ಸ್ವಂತ ಸಾಕ್ಷಿ!

ನಮ್ಮ ಪ್ರಶ್ನೆಗೆ ಮರಳೋಣ. ಇನ್ನೊಬ್ಬರ ಅಂತರಂಗದಲ್ಲಿ ಪರೀಕ್ಷೆಯ ಮನೆ ಕಟ್ಟುವ ಸಾಮಗ್ರಿ ಮನುಷ್ಯನ ಬಳಿ ಇಲ್ಲ. ನಮಗಿರುವುದು ಎರಡನೆಯ ದಾರಿ ಮಾತ್ರ, ಅದರ ಶರತ್ತುಗಳೋ ಬಲು ಕಠಿಣ. ನಾವಾದರೆ ಒಂದೇ ನೋಟಕ್ಕೆ ತೀರ್ಪು ಬರೆದುಬಿಡುತ್ತೇವೆ. ಗ್ರೋಥೆಂಡಿಕ್ ಸ್ವತಃ ಇದಕ್ಕೆ ತುತ್ತಾದವರು. 1940ರಲ್ಲಿ ಫ್ರಾನ್ಸ್ ಸರಕಾರ ಆ ಬಾಲಕನನ್ನೂ ಅವನ ತಾಯಿಯನ್ನೂ ರಿಯುಕ್ರೋ ಶಿಬಿರದಲ್ಲಿ ಕೂಡಿಹಾಕಿತು. ಯಹೂದಿಯಾಗಿದ್ದ ತಂದೆಯನ್ನು 1942ರಲ್ಲಿ ಆಶ್ವಿಟ್ಜ್‌ಗೆ ಸಾಗಿಸಲಾಯಿತು; ಅವರು ಹಿಂದಿರುಗಲಿಲ್ಲ. ದಾಖಲೆಯ ಕಣ್ಣಿಗೆ ಅವರು ಪರಕೀಯರು, ಅಷ್ಟೇ. ಉಳಿದ ಯಾವ ಸಾಕ್ಷಿಯನ್ನೂ ಯಾರೂ ಕೇಳಲಿಲ್ಲ.

ಇಂದು ಗಡ್ಡವನ್ನೋ ಶಿರವಸ್ತ್ರವನ್ನೋ ಹೆಸರನ್ನೋ ನೋಡಿ ಒಬ್ಬರನ್ನು ಅಳೆಯುವವರು ಮಾಡುವುದೂ ಇದನ್ನೇ. ಅವರನ್ನು ದೂರುವ ನಾವೂ ಹಿಂದೆ ಬಿದ್ದಿಲ್ಲ. ಮಸೀದಿಗೆ ಬಾರದ ನೆರೆಯವನ ಈಮಾನನ್ನು ಆ ಒಂದೇ ಸಂಗತಿಯಿಂದ ತೂಗುತ್ತೇವೆ. ಅವನು ಯಾರ ಆಸ್ಪತ್ರೆಯ ಬಿಲ್ಲು ಕಟ್ಟಿದ, ಮುದಿ ತಾಯಿಗೆ ಹೇಗೆ ಉಣಿಸಿದ ಎಂದು ವಿಚಾರಿಸುವುದಿಲ್ಲ. ಎಲ್ಲಕ್ಕಿಂತ ಮೊದಲು ಅವನನ್ನೇ ಮಾತನಾಡಿಸುವುದಿಲ್ಲ.

ಗಣಿತಜ್ಞ ಎಲ್ಲ ಸಾಕ್ಷಿಗಳನ್ನೂ ಒಂದೇ ವಾಕ್ಯದಲ್ಲಿ ಕರೆಯಬಲ್ಲ. ನಮಗೆ ಒಂದು ಜನ್ಮವೂ ಸಾಲದು. ಆದ್ದರಿಂದ ನಮ್ಮ ತೀರ್ಪುಗಳೆಲ್ಲ ತಾತ್ಕಾಲಿಕ. ಕೊನೆಯ ತೀರ್ಪನ್ನು ಅಂತರಂಗ ಬಲ್ಲವನಿಗೇ ಬಿಡುವುದು ನಮ್ರತೆಯಷ್ಟೇ ಅಲ್ಲ, ನ್ಯಾಯ ಕೂಡ.